ಮಾಯಿಗನ ಮಹಾಗನಿ ನೆಲ

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಒರಗಿ ಅಂದೆ ಅಂತ ಗೋಡೆಯನ್ನೇ ಕೆಡವಬೇಡಿ ಮತ್ತೆ! ಯಾಕೆ ಮೊದಲೇ ಹೇಳಿದೆ ಅಂದರೆ, ಇವತ್ತಿನ ಕತೆ ಅಂಥವನೊಬ್ಬನದು.

ಒಂದೂರಲ್ಲಿ ಚೆಲುವವ್ವ ಅಂತ ಒಬ್ಬಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ, ಮಾಯಿಗ. ಆಳು ಆರಡಿ. ಕೆಲಸಕ್ಕೆ ನಿಂತರೆ ಎರಡು ಎತ್ತಿನ ಕಸುವು. ಆದರೆ ಹೇಳಿದ್ದನ್ನು ಹೇಳಿದಂಗೇ ಮಾಡುವವನು, ಗುಲಗಂಜಿಯಷ್ಟು ಹೆಚ್ಚಿಲ್ಲ, ಗುಲಗಂಜಿಯಷ್ಟು ಕಮ್ಮಿ ಇಲ್ಲ. ‘ಹಾಲು ಉಕ್ಕಿದ್ರೆ ನನ್ನ ಕರಿ’ ಅಂತ ಅವ್ವ ಹೇಳಿ ಹಿತ್ತಿಲಿಗೆ ಹೋದರೆ, ಹಾಲು ಉಕ್ಕಿದಾಗ ‘ಅವ್ವಾ’ ಅಂತ ಒಂದು ಕೂಗು ಹಾಕಿ, ಮತ್ತೆ ಒಲೆ ಮುಂದೆ ಕೂತು ಮಿಕ್ಕ ಹಾಲೂ ಉಕ್ಕುವುದನ್ನು ನೋಡುತ್ತಿದ್ದ. ಕರಿ ಅಂದಿದ್ದಳು, ಇಳಿಸು ಅಂದಿರಲಿಲ್ಲವಲ್ಲ!

‘ನಾನು ಕಣ್ಣು ಮುಚ್ಚಿದ ಮ್ಯಾಲೆ ಇದಕ್ಕೆ ಯಾರಪ್ಪ ಗತಿ?’ ಅಂತ ಚೆಲುವವ್ವ ದಿನಾ ದೇವರ ಮುಂದೆ ಕೇಳುತ್ತಿದ್ದಳು. ದೇವರು ಸುಮ್ಮನಿರುತ್ತಿದ್ದ. ಪಕ್ಕದಲ್ಲಿ ಕೂತ ಮಾಯಿಗ, ದೇವರು ಏನು ಹೇಳ್ತಾನೋ ಅಂತ ಕಿವಿಗೊಟ್ಟು ಕಾಯುತ್ತಿದ್ದ.

ಆಕೆಗಿದ್ದದ್ದು ಒಂದೇ ಆಸೆ. ತಮ್ಮ ಮೊಗಣ್ಣನ ಮಗಳು ಸಣ್ಣತಾಯಿಯನ್ನು ಮಾಯಿಗನಿಗೆ ತಂದುಕೊಳ್ಳಬೇಕು. ಹುಡುಗಿ ಜಾಣೆ. ಆದರೆ ಮೊಗಣ್ಣನ ಗತ್ತು ಸಾಮಾನ್ಯದ್ದಲ್ಲ! ಅವನು ಕಾಡಿನ ಸಾಹೇಬರ ಬಂಗಲೆ ಕಾಯುತ್ತಿದ್ದವನು. ಬಂಗಲೆಗೆಲ್ಲ ಮಹಾಗನಿ ಹಲಗೆಯ ನೆಲ. ಮಗಳು ಆ ನೆಲದ ಮೇಲೇ ತೆವಳಿ, ಆ ನೆಲದ ಮೇಲೇ ಓಡಾಡಿ ಬೆಳೆದವಳು.

‘ಅಕ್ಕಾ, ಒಂದು ಮಾತು ಹೇಳ್ಬುಡ್ತೀನಿ’ ಅಂದ ಮೊಗಣ್ಣ. ‘ನನ್ನ ಮಗಳು ಸಗಣಿ ಸಾರ್ಸಿದ ನೆಲಕ್ಕೆ ಕಾಲಿಡಾಕಿಲ್ಲ. ನಡುಮನೆಗೆ ಮಹಾಗನಿ ನೆಲ ಹಾಕ್ಸು. ಉಗಾದಿಗೆ ಬಂದು ತುಳಿದು ನೋಡ್ತೀನಿ. ಚೆಂದಾಗಿದ್ರೆ ಹೆಣ್ಣು ನಿಂದು. ಇಲ್ದಿದ್ರೆ ಬ್ಯಾರೆ ಕಡೆ ಗಂಡು ನೋಡ್ತೀನಿ.’

ಚೆಲುವವ್ವ ಏಣಿ ಹತ್ತಿ ಅಟ್ಟದಿಂದ ಕೂಡಿಟ್ಟ ಗಡಿಗೆ ಇಳಿಸಿದಳು. ಮಾಯಿಗ ಬೆರಗಾಗಿ ನೋಡುತ್ತಿದ್ದ. ‘ಬೆಲೆ ಬಾಳೋದನ್ನೆಲ್ಲ ಅಟ್ಟದ ಮ್ಯಾಲೆ ಇಡಬೇಕು ಕಣ್ಲಾ, ನೆಲದ ಮ್ಯಾಲೆ ಇಡಬಾರ್ದು’ ಅಂದಳು ಅವ್ವ. ಮಾಯಿಗ ತಲೆ ಅಲ್ಲಾಡಿಸಿದ. ಅವನು ಮರೆಯುವವನಲ್ಲ. ಕಷ್ಟ ಇದ್ದದ್ದೇ ಅಲ್ಲಿ.

‘ಪ್ಯಾಟೆ ಡಿಪೋಗೆ ಹೋಗ್ಲಾ ಮಗ. ಅಲ್ಲಿ ಮರ ಗುಡ್ಡೆ ಗುಡ್ಡೆ ಬಿದ್ದಿರ್ತವೆ. ಬೆಳ್ಳಗಿರೋದು ಮುಟ್ಬ್ಯಾಡ, ಕರ್ರಗಿರೋದು ಮುಟ್ಬ್ಯಾಡ. ಮಹಾಗನಿ ಕೆಂಪಗಿರ್ತದೆ. ಮರದಲ್ಲಿ ಕೆಂಪಗೆ ಕಂಡದ್ದನ್ನ ಒಂದು ಚೂರು ತಗಂಡು ಬಾ, ನೋಡುವಾ.’

‘ಆಯ್ತವ್ವ.’

ಕೆಂಪಗೆ ಕಂಡದ್ದು, ಕೆಂಪಗೆ ಕಂಡದ್ದು ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಯಿಗ ಹೋದ. ಡಿಪೋ ಬಾಗಿಲಲ್ಲೇ ಒಂದು ಲಾರಿ ನಿಂತಿತ್ತು. ಲಾರಿಯಿಂದಾಚೆ ಮಾರುದ್ದ ಚಾಚಿಕೊಂಡ ಮರದ ದಿಮ್ಮಿ. ದಿಮ್ಮಿಯ ತುದಿಯಲ್ಲಿ, ನೋಡಿ, ಕೆಂಪಗೆ! ಹಿಂದಿನ ಗಾಡಿಯವರಿಗೆ ಕಾಣಲಿ ಅಂತ ಕಟ್ಟಿದ ಕೆಂಪು ಬಟ್ಟೆ. ಒಳಗಿನ ರಾಶಿಯೆಲ್ಲ ಧೂಳು ಹಿಡಿದು ಬೂದಿ ಬಣ್ಣ. ಮರದಲ್ಲಿ ಕೆಂಪಗೆ ಕಂಡದ್ದು ಅದೊಂದೇ. ಮಾಯಿಗ ಬಿಚ್ಚಿಕೊಂಡ, ಮಡಿಸಿದ, ಜೇಬಿಗಿಟ್ಟ, ಹೊರಟ.

ಲಾರಿಯೂ ಹೊರಟಿತು. ತಿರುವಿನಲ್ಲಿ ಹಿಂದೆ ಬಂದ ಹುಲ್ಲಿನ ಗಾಡಿಗೆ ದಿಮ್ಮಿಯ ತುದಿ ಚುಚ್ಚಿ ಹುಲ್ಲೆಲ್ಲ ರಸ್ತೆಪಾಲು! ಡ್ರೈವರ್ ಇಳಿದು ನೋಡಿದ, ರಸ್ತೆ ಬದಿಯಲ್ಲೇ ನಡೆದು ಹೋಗುತ್ತಿದ್ದ ಮಾಯಿಗನ ಜೇಬಲ್ಲಿ ಕೆಂಪು ಚುಂಗು ಕಂಡ. ‘ಲೋ ದಡ್ಡ ನನ್ಮಗನೆ! ಮರದ ತುದಿ ಆಚೆಗೆ ಚಾಚಿದ್ರೆ ಕೆಂಪು ಬಟ್ಟೆ ಕಟ್ಟಬೇಕು ಕಣೋ, ಬಿಚ್ತಾರೇನೋ?’ ಅಂತ ಬೆನ್ನಿಗೆರಡು ಬಿಟ್ಟ. ಮಾಯಿಗ ಅದನ್ನೂ ನೆನಪಿಟ್ಟುಕೊಂಡ.

ಡ್ರೈವರ್ ಕಿತ್ತುಕೊಂಡಾಗ ಹರಿದು ಜೇಬಲ್ಲೇ ಉಳಿದಿದ್ದ ಬಟ್ಟೆ ಚೂರನ್ನು ಮನೆಗೆ ಬಂದು ಅವ್ವನ ಕೈಗಿಟ್ಟ.

‘ಏನ್ಲಾ ಇದು?’

‘ಮಹಾಗನಿ.’

‘ಅಯ್ಯೋ ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬಟ್ಟೆ ಯಾವ್ದು ಮರ ಯಾವ್ದು ಗೊತ್ತಾಗಾಕಿಲ್ವೇನ್ಲಾ? ಆರಿಸಾಕೆ ಹೋದೋನು ಬೆರಳು ಮಡಿಸಿ ಮೂರು ಸಲ ಬಡೀಬೇಕು. ಗಟ್ಟಿ ಸದ್ದು ಬಂದ್ರೆ ತಗಬೇಕು, ಟೊಳ್ಳು ಅಂದ್ರೆ ಬಿಡಬೇಕು!’

‘ಹಂಗಂತ ಮೊದ್ಲೇ ಹೇಳ್ಬಾರ್ದಾ ಅವ್ವಾ!’

ಮಾಯಿಗನಿಗೆ ಗೊಂದಲವಾಯಿತು. ಹೇಳಿದಂಗೆ ಮಾಡಿದ್ದಕ್ಕೆ ಬೈಗುಳ. ಮಾಡದಿದ್ದರೂ ಬೈಗುಳವೇ ಬರುತ್ತಿತ್ತು. ಇವೆರಡರ ನಡುವೆ ಮಾಡುವುದಕ್ಕೆ ಬೇರೇನಿದೆ ಅಂತ ಬಹಳ ಹೊತ್ತು ಯೋಚಿಸಿದ. ಏನೂ ಸಿಗಲಿಲ್ಲ. ಅಷ್ಟರಲ್ಲಿ ಅವ್ವ ಉಣ್ಣು ಅಂದಳು, ಹೋಗಿ ಉಂಡ.

‘ನೀನು ಮರ ಆರ್ಸೋದು ಬ್ಯಾಡ ಕಣಪ್ಪಾ’ ಅಂದಳು ಚೆಲುವವ್ವ ಮಾರನೆ ದಿನ. ‘ಒಬ್ಬ ಒಳ್ಳೆ ಆಚಾರೀನ ಆರ್ಸಿ ಕರ್ಕಂಡು ಬಾ. ಮಿಕ್ಕಿದ್ದು ಅವರೇ ನೋಡ್ಕತ್ತಾರೆ.’

‘ಆಯ್ತವ್ವ.’

ಮೂರು ಸಲ ಬಡಿ, ಗಟ್ಟಿಯಾದ್ರೆ ತಗೋ. ಮೂರು ಸಲ ಬಡಿ, ಟೊಳ್ಳಾದ್ರೆ ಬಿಡು. ಹೀಗೇ ಹೇಳಿಕೊಂಡು ಮಾಯಿಗ ಆಚಾರಿ ಬೀದಿಗೆ ಹೋದ. ಕಾಳಾಚಾರಿ ಅಂತ ಒಬ್ಬರು, ವಯಸ್ಸಾದವರು, ಕೈಯಲ್ಲಿ ಒಳ್ಳೆಯ ಕಸುಬು. ಬಾಗಿಲಲ್ಲಿ ಬಗ್ಗಿ ಕೂತು ಚೌಕಟ್ಟು ಕೆತ್ತುತ್ತಿದ್ದರು. ನುಣ್ಣಗೆ ಬೋಳುತಲೆ, ಎದುರಿಗೇ!

ಟಕ್, ಟಕ್, ಟಕ್.

‘ಅಯ್ಯಯ್ಯೋ! ಯಾವನ್ಲಾ ಅದು!’

‘ನಿಮ್ದು ಗಟ್ಟಿ ಅದೆ ಆಚಾರ್ರೆ’ ಅಂದ ಮಾಯಿಗ ಖುಷಿಯಾಗಿ. ‘ನೀವೇ ಆಗಬೌದು. ನಡೀರಿ!’

ಕಾಳಾಚಾರಿ ಕೊಡತಿ ಹಿಡಿದುಕೊಂಡು ಅಟ್ಟಿಸಿಕೊಂಡು ಬಂದರು. ಮಾಯಿಗ ಮುಂದೆ, ಆಚಾರಿ ಹಿಂದೆ, ಸೀದಾ ಮನೆಯ ತನಕ! ‘ಕರ್ಕಂಡು ಬಂದೆ ಕಣವ್ವಾ’ ಅಂದ ಮಾಯಿಗ ಏದುಸಿರು ಬಿಡುತ್ತಾ.

ಚೆಲುವವ್ವ ಆಚಾರಿಗೆ ಕೈ ಮುಗಿದು, ಮಜ್ಜಿಗೆ ಕೊಟ್ಟು, ಇರುವ ಸಂಗತಿ ಹೇಳಿದಳು. ‘ಇವನಿಗೊಂದು ಹೆಣ್ಣು ಬಂದ್ರೆ ನಾನು ನೆಮ್ಮದಿಯಾಗಿ ಸಾಯ್ತೀನಿ ಆಚಾರ್ರೆ. ಆ ನೆಲದ ಮ್ಯಾಲೆ ನಿಂತದೆ ಎಲ್ಲಾ.’ ಕಾಳಾಚಾರಿ ತಲೆ ಸವರಿಕೊಂಡರು. ಅವರಿಗೂ ಮಕ್ಕಳಿದ್ದರು. ಮಹಾಗನಿ ತಾವೇ ಆರಿಸಿ ಕೊಡುತ್ತೇನೆ ಅಂತ ಒಪ್ಪಿದರು. ಅವರು ಆಚೆ ಹೋದ ಮೇಲೆ ಅವ್ವ ಮಗನ ಕಿವಿ ಹಿಡಿದಳು.

‘ಮನೆಗೆ ಕರೆಯೋರ ತಲೆ ಬಡೀತಾರೇನ್ಲಾ ಮುಂಡೇದೆ? ಮನೆಗೆ ಬಂದೋರ್ಗೆ ಕಾಲಿಗೆ ಬಿಸಿನೀರು ಕೊಡಬೇಕು. ಉಣ್ಣಾಕಿಕ್ಕಬೇಕು. ಚಾಪೆ ಹಾಸಿ, ಮಲಗ್ಸಿ, ಕಂಬಳಿ ಹೊದಿಸಬೇಕು!’

‘ಹಂಗಂತ ಮೊದ್ಲೇ ಹೇಳ್ಬಾರ್ದಾ ಅವ್ವಾ!’

ಕಾಳಾಚಾರಿ ಡಿಪೋದಲ್ಲಿ ಅರ್ಧ ದಿನ ನಿಂತು ಮಹಾಗನಿ ಆರಿಸಿದರು. ಉಗುಳು ಹಚ್ಚಿ ಉಜ್ಜಿ ಬಣ್ಣ ನೋಡಿದರು. ಒಂದು ಕಣ್ಣು ಮುಚ್ಚಿ ಹಲಗೆಯ ಅಂಚಿನುದ್ದಕ್ಕೂ ನೋಡಿ ಸೊಟ್ಟಗಿದ್ದದ್ದನ್ನು ಪಕ್ಕಕ್ಕೆಸೆದರು. ಎರಡು ಗಾಡಿ ಹಲಗೆ ಹೇರಿಸಿ ಮಾಯಿಗನ ಜೊತೆ ಕಳಿಸಿದರು. ಹೊರಡುವಾಗ ಹೇಳಿದರು: ‘ಮರ ಬಂದ ದಿನವೇ ಮೊಳೆ ಹೊಡೀಬಾರ್ದು ಕಣಪ್ಪಾ. ಹೊಸಮನೆ ಗಾಳಿ ಅದಕ್ಕೆ ಒಗ್ಗಬೇಕು. ನೆಂಟರು ಬಂದಂಗೆ ಅಂತ ತಿಳ್ಕೊ. ಹದಿನೈದು ದಿನ ಒಳಗೆ ಮಲಗಿರ್ಲಿ.’

ನೆಂಟರು! ಮಾಯಿಗನಿಗೆ ಈ ಸಲ ಯಾವ ಗೊಂದಲವೂ ಇರಲಿಲ್ಲ. ಅವ್ವ ಹೊಲಕ್ಕೆ ಹೋಗಿದ್ದಳು. ಅವನೇ ಹಂಡೆ ನೀರು ಕಾಯಿಸಿದ, ಒಂದೊಂದು ಹಲಗೆಯ ಬುಡಕ್ಕೂ ಚೊಂಬು ಚೊಂಬು ಬಿಸಿನೀರು ಹುಯ್ದ. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಒಂದೊಂದು ಹಲಗೆಗೂ ಒಂದೊಂದು ತುತ್ತು ಮೆತ್ತಿದ. ಯಾರೂ ಸಾಕು ಅನ್ನಲಿಲ್ಲ, ಅದಕ್ಕೆ ಎರಡನೇ ಸಲವೂ ಬಡಿಸಿದ. ಚಾಪೆ ಹಾಸಿ ಮಲಗಿಸಿದ, ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿದ.

ಸಂಜೆ ಚೆಲುವವ್ವ, ಅವಳ ಹಿಂದೆಯೇ ಕಾಳಾಚಾರಿ ಬಂದರು. ಕಂಬಳಿ ಎತ್ತಿ ನೋಡಿದರೆ, ಮಹಾಗನಿಗೆಲ್ಲ ಹುರುಳಿ ಸಾರು! ನಾಲ್ಕು ಹಲಗೆ ಆಗಲೇ ಬಿಲ್ಲಿನಂತೆ ಬಗ್ಗಿದ್ದವು.

‘ಹೊಟ್ಟೆ ತುಂಬ ಉಂಡವ್ರೆ’ ಅಂದ ಮಾಯಿಗ.

ಈ ಸಲ ಬೈದವರು ಕಾಳಾಚಾರಿ. ‘ನೀರೇ ಕಣಯ್ಯಾ ಮರಕ್ಕೆ ಶತ್ರು! ಇನ್ಮ್ಯಾಲೆ ಮನೆಗೆ ಏನೇ ಬರ್ಲಿ, ಒಂದು ಹನಿ ನೀರು ತೋರಿಸ್ಬ್ಯಾಡ. ನೆರಳಲ್ಲಿ ಸಾಪಾಟಾಗಿ ಮಲಗ್ಸು. ಸೊಟ್ಟ ಆಗದಂಗೆ ಮ್ಯಾಲೆ ಕಲ್ಲು ಹೇರು. ಏನೇ ಆದ್ರೂ ಅಲ್ಲಾಡಗೊಡಬ್ಯಾಡ!’

‘ಹಂಗಂತ ಮೊದ್ಲೇ ಹೇಳ್ಬಾರ್ದಾ ಆಚಾರ್ರೆ!’

ಹಲಗೆ ಒರೆಸಿ, ಒಣಗಿಸಿ, ಕಲ್ಲು ಹೇರಿ ಸರಿ ಮಾಡಿದರು. ಹತ್ತು ದಿನ ಏನೂ ಆಗಲಿಲ್ಲ. ಏನೂ ಆಗದೆ ಇರುವುದು ಚೆಲುವವ್ವನಿಗೆ ಅಭ್ಯಾಸವಿಲ್ಲ, ಅವಳಿಗೆ ನಿದ್ದೆಯೇ ಬರಲಿಲ್ಲ.

ಹನ್ನೊಂದನೆಯ ದಿನ, ಸುಡು ಮಧ್ಯಾಹ್ನ, ಮೊಗಣ್ಣ ಬಂದ. ಹಲಗೆ ಬಂದಿವೆ ಅಂತ ಸುದ್ದಿ ಕೇಳಿ ಒಂದು ಸಲ ನೋಡಿ ಹೋಗೋಣ ಅಂತ ಬಂದಿದ್ದ. ಅವ್ವ ಮನೆಯಲ್ಲಿರಲಿಲ್ಲ. ‘ಉಸ್ಸಪ್ಪಾ’ ಅಂತ ಮೊಗಣ್ಣ ಜಗಲಿಯಲ್ಲಿ ಕುಸಿದು ಕೂತ. ‘ಒಂದು ಚೊಂಬು ನೀರು ತತ್ತಾ ಅಳಿಯ.’

‘ನೀರು ತೋರ್ಸಂಗಿಲ್ಲ ಮಾವ.’

‘ಏನಂದೆ?’

‘ಮನೆಗೆ ಬಂದೋರ್ಗೆ ನೀರೇ ಶತ್ರು. ಬನ್ನಿ, ನೆರಳಲ್ಲಿ ಮಲೀಕಳಿ.’

ಮೊಗಣ್ಣನಿಗೆ ದಣಿವು, ಮಲಗಿದ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹೊಟ್ಟೆಯ ಮೇಲೆ ಬೀಸುವ ಕಲ್ಲು! ಅದರ ಮೇಲೊಂದು ಚಪ್ಪಡಿ!

‘ಅಯ್ಯೋ! ಅಮ್ಮಾ! ತಗೀಲಾ!’

‘ಅಲ್ಲಾಡಬ್ಯಾಡಿ ಮಾವ, ಸೊಟ್ಟ ಆಯ್ತೀರಿ!’ ಅಂತ ಮಾಯಿಗ ಕಾಲು ಹಿಡಿದು ಕೂತ.

ಚೆಲುವವ್ವ ಬಂದು ಕಲ್ಲಿಳಿಸುವಷ್ಟರಲ್ಲಿ ಮೊಗಣ್ಣನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ನೀರು ಕುಡಿದು ಎದ್ದವನೇ ಮೇಲ್ವಸ್ತ್ರ ಕೊಡವಿದ. ‘ಈ ಸಂಬಂಧ ಇಲ್ಲಿಗೆ ಮುಗೀತು ಕಣಕ್ಕಾ! ಇವನ ಕೈಗೆ ಮಗಳನ್ನ ಕೊಟ್ರೆ ನಾಳೆ ಅವಳ ಮ್ಯಾಲೂ ಕಲ್ಲು ಹೇರ್ತಾನೆ!’

ಚೆಲುವವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ‘ಬಯ್ಯಿ ತಮ್ಮಾ, ಹೊಡಿ ಬೇಕಾದ್ರೆ. ಕೈಬಿಡಬ್ಯಾಡ. ನಾನು ಹೋದ್ಮ್ಯಾಲೆ ಇವನಿಗೆ ಉಣ್ಣು ಅಂತ ಹೇಳೋರು ಯಾರು? ಉಣ್ಣು ಅನ್ನದಿದ್ರೆ ಇವನು ಉಣ್ಣಾಕಿಲ್ಲ ಕಣೋ.’

ಮಾಯಿಗ ಅಳುವ ಅವ್ವನ ಮುಖವನ್ನೇ ನೋಡಿದ. ತಾನು ಏನು ತಪ್ಪು ಮಾಡಿದೆ? ನೀರು ತೋರಿಸಿರಲಿಲ್ಲ. ಮಾವ ಸೊಟ್ಟ ಕೂಡ ಆಗಿರಲಿಲ್ಲ. ಅವನೂ ಅವ್ವನ ಪಕ್ಕ ಕೂತು ಅತ್ತ. ಮೊಗಣ್ಣನಿಗೆ ಇಬ್ಬರೂ ಅಳುವುದನ್ನು ನೋಡಲಾಗಲಿಲ್ಲ. ‘ಸರಿ, ಉಗಾದಿಗೆ ಮಗಳನ್ನ ಕರ್ಕಂಡು ಬತ್ತೀನಿ. ಅದೇ ಕೊನೇ ಸಲ’ ಅಂದು ಹೊಟ್ಟೆ ಹಿಡಿದುಕೊಂಡು ಹೋದ.

ಕಾಳಾಚಾರಿ ಹಗಲೆಲ್ಲ ಕೂತು ನೆಲ ಹಾಕಿದರು. ಕೆಳಗೆ ಮರದ ಪಟ್ಟಿ, ಮೇಲೆ ಹಲಗೆ, ಹಲಗೆಗೆ ಹಲಗೆ ಕೂದಲು ತೂರದಂಗೆ. ಪಾಲಿಶ್ ಬಿದ್ದ ಮೇಲೆ ನಡುಮನೆಯೆಲ್ಲ ಕೆಂಪಗೆ ಹೊಳೆಯಿತು. ಚೆಲುವವ್ವನಿಗೆ ಮಾತೇ ಹೊರಡಲಿಲ್ಲ. ಆಮೇಲೆ ಹೊರಟಿತು, ಹೊರಡಬಾರದಿತ್ತು!

‘ಮಗ, ಬಾಗಿಲು ಕಾಯಿ. ಈ ನೆಲದ ಮ್ಯಾಲೆ ಮೊದಲ ಹೆಜ್ಜೆ ಸೊಸೇದು. ಅವಳು ಹೊಸಲ ಮ್ಯಾಲೆ ಸೇರಕ್ಕಿ ಒದ್ದು, ಬಲಗಾಲಿಟ್ಟು ಬರೋಗಂಟ ದೇವರೇ ಬಂದ್ರೂ ಒಳಿಕ್ಕೆ ಬಿಡ್ಬ್ಯಾಡ.’

ಹೇಳಿ ಬಾವಿಗೆ ಹೋದಳು, ಕೊಡ ಹೊತ್ತು ಬಂದಳು. ಬಾಗಿಲಲ್ಲಿ ಮಾಯಿಗ, ಕೈಯಲ್ಲಿ ದೊಣ್ಣೆ.

‘ದಾರಿ ಬಿಡ್ಲಾ.’

‘ನೀನು ಸೊಸೆಯಾ?’

‘ನಿಮ್ಮವ್ವ ಕಣ್ಲಾ!’

‘ದೇವರೇ ಬಂದ್ರೂ ಬಿಡ್ಬ್ಯಾಡ ಅಂದಿದ್ದೀಯ. ನೀನು ಬಂದ್ರೆ ಬಿಡ್ತೀನಾ?’

ಉಗಾದಿಗೆ ಇನ್ನೂ ಮೂರು ದಿನ. ಮೂರು ದಿನವೂ ಚೆಲುವವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿದಳು, ಜಗಲಿಯಲ್ಲಿ ಮಲಗಿದಳು. ಮಗನಿಗೆ ಬಾಗಿಲಿಗೇ ಮುದ್ದೆ. ಮಾತಾಡಿದವಳು ಅವಳೇ, ಇನ್ನು ಯಾರನ್ನು ಬಯ್ಯಬೇಕು?

ಉಗಾದಿ ದಿನ ಮೊಗಣ್ಣ ಬಂದ, ಸಣ್ಣತಾಯಿಯೂ ಬಂದಳು. ಒಂದು ಕಾಲು ಹೊಸ್ತಿಲಿಗೆ ಎತ್ತಿದ್ದಳು, ಅಷ್ಟರಲ್ಲಿ ದೊಣ್ಣೆ ಅಡ್ಡ ಬಂತು.

‘ನೀನು ಸೊಸೆಯಾ?’

‘ಇನ್ನೂ ಆಗಿಲ್ಲವಲ್ಲ ಬಾವ’ ಅಂದಳು ಸಣ್ಣತಾಯಿ.

‘ಹಂಗಾದ್ರೆ ತುಳೀಬ್ಯಾಡ. ಸೊಸೆಯಾಗಿ ಬಾ.’

‘ಲೋ, ನೆಲ ತುಳಿದು ನೋಡ್ದೆ ನಾನು ಹೆಣ್ಣು ಕೊಡಾಕಿಲ್ಲ!’ ಅಂದ ಮೊಗಣ್ಣ.

‘ಹೆಣ್ಣು ಕೊಡ್ದೆ ನಾನು ನೆಲ ತುಳಿಯಾಕೆ ಬಿಡಾಕಿಲ್ಲ ಮಾವ’ ಅಂದ ಮಾಯಿಗ.

ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆಯಾಗದೆ ಹುಚ್ಚು ಬಿಡದು! ಮೊಗಣ್ಣ ಕೂಗಿದ, ಚೆಲುವವ್ವ ಬೇಡಿದಳು, ಕಾಳಾಚಾರಿ ದೂರದಿಂದಲೇ ತಲೆ ಮುಚ್ಚಿಕೊಂಡು ಬುದ್ಧಿ ಹೇಳಿದರು. ಮಾಯಿಗನಿಗೆ ಬೆವರು ಕಿತ್ತುಕೊಂಡು ಬಂತು. ಬಿಟ್ಟರೆ ಅವ್ವನ ಮಾತು ಮೀರಿದಂಗೆ, ಬಿಡದಿದ್ದರೆ ಅವ್ವ ಅಳುತ್ತಾಳೆ. ಆದರೆ ದೊಣ್ಣೆ ಇಳಿಸಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೂ ಬಾಗಿಲು ಬಿಡಲಿಲ್ಲ.

ಸಣ್ಣತಾಯಿ ಅದನ್ನೆಲ್ಲ, ಅಂಗಳದಲ್ಲಿ ಚೆಲುವವ್ವ ಹೂಡಿದ ಒಲೆಯನ್ನೂ, ನೋಡುತ್ತಾ ನಿಂತಿದ್ದಳು.

‘ಅಪ್ಪ, ಸುಮ್ಕಿರು’ ಅಂದಳು. ‘ಹೆತ್ತವ್ವ ಬಂದ್ರೂ ಮಾತು ಬಿಡದೋನು, ನನ್ನನ್ನ ಬಿಟ್ಟಾನಾ? ನೆಲ ಆಮ್ಯಾಲೆ ನೋಡ್ಕಂಡ್ರಾಯ್ತು. ನಾನು ಇವನನ್ನ ನೋಡಾಯ್ತು.’

ಮೊಗಣ್ಣ ಒಪ್ಪಲೇಬೇಕಾಯಿತು. ಆ ವಾರವೇ ಅಂಗಳದಲ್ಲಿ ಚಪ್ಪರ ಹಾಕಿ ಮದುವೆ ಮಾಡಿದರು. ಒಳಗೆ ಬಿಡುವವನಿಲ್ಲವಲ್ಲ, ಇನ್ನೆಲ್ಲಿ ಮಾಡುವುದು!

ಮದುಮಗಳು ಸೇರಕ್ಕಿ ಒದ್ದಳು, ಬಲಗಾಲನ್ನು ಮಹಾಗನಿಯ ಮೇಲಿಟ್ಟಳು. ಎಡಗಾಲು ಎತ್ತಿದಳು.

‘ಎಡಗಾಲು ಇಡಂಗಿಲ್ಲ!’ ಅಂದ ಮಾಯಿಗ. ‘ಬಲಗಾಲಿಟ್ಟು ಅಂದವ್ಳೆ ಅವ್ವ.’

ಸಣ್ಣತಾಯಿ ಒಂಟಿಕಾಲಲ್ಲಿ ತೂರಾಡಿದಳು. ‘ಹಂಗಾದ್ರೆ ಎಡಗಾಲು ಎಲ್ಲಿ ಇಡ್ಲಿ ಬಾವ?’

ಮಾಯಿಗ ಯೋಚಿಸಿದ. ಮಂಡಿಯೂರಿ ನೆಲದ ಮೇಲೆ ಅಂಗೈ ಚಾಚಿದ. ‘ಇಲ್ಲಿಡು.’

ಹೀಗೆ ಬಲಗಾಲು ಹಲಗೆಯ ಮೇಲೆ, ಎಡಗಾಲು ಗಂಡನ ಅಂಗೈ ಮೇಲೆ, ಬಲಗಾಲು ಹಲಗೆಯ ಮೇಲೆ, ಎಡಗಾಲು ಗಂಡನ ಅಂಗೈ ಮೇಲೆ. ಹೊಸ್ತಿಲಿಂದ ದೇವರ ಮನೆಯ ತನಕ ತೆವಳಿಕೊಂಡೇ ಹೋದ. ಮದುವೆ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಚೆಲುವವ್ವ ಮಾತ್ರ ನಗಲಿಲ್ಲ. ಸೊಸೆ ಆ ಕೈ ನೋಯಬಾರದು ಅಂತ ಎಡಗಾಲನ್ನು ಹಗುರವಾಗಿ, ಬರೀ ತಾಗಿಸಿ ಎತ್ತುತ್ತಿದ್ದುದನ್ನು ಅವಳೊಬ್ಬಳೇ ಕಂಡಿದ್ದಳು. ಅವತ್ತು ದೇವರನ್ನು ಏನೂ ಕೇಳಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮಾಯಿಗ ಬಿಡಬೇಕಲ್ಲ!

ಮಾರನೆ ದಿನ ಅತ್ತೆ ಸೊಸೆ ಮದುವೆ ಬಟ್ಟೆ ಒಗೆಯುವುದಕ್ಕೆ ಹೊಳೆಗೆ ಹೊರಟರು. ‘ಅತ್ತೆ, ಈ ಮನೇಲಿ ಬೆಲೆ ಬಾಳೋದು ಅಂದ್ರೆ ಈ ನೆಲಾನೇ ನೋಡಿ’ ಅಂದಳು ಸಣ್ಣತಾಯಿ, ಕಾಲಲ್ಲಿ ಹಲಗೆ ಸವರುತ್ತಾ. ಚೆಲುವವ್ವ ನಕ್ಕಳು. ಅಂಗಳದಲ್ಲಿ ಬಿದ್ದಿದ್ದ ತಾಮ್ರದ ಹಂಡೆ, ಬೆಳ್ಳಿ ತಟ್ಟೆ ಕಡೆ ಕೈ ತೋರಿಸಿ ಮಗನಿಗೆ ಹೇಳಿದಳು: ‘ನಾವು ಬರೋ ಹೊತ್ಗೆ ಬೆಲೆ ಬಾಳೋದನ್ನೆಲ್ಲ ಜ್ವಾಪಾನ್ವಾಗಿ ಎತ್ತಿಡಪ್ಪಾ.’

‘ಆಯ್ತವ್ವ.’

ಬಟ್ಟೆ ಒಣಗಿಸಿಕೊಂಡು ಇಬ್ಬರೂ ಬಂದರು. ಅಂಗಳದಲ್ಲಿ ಬೆಳ್ಳಿ ತಟ್ಟೆಯಲ್ಲಿ ಕೋಳಿ ಕಾಳು ಹೆಕ್ಕುತ್ತಿತ್ತು. ಒಳಗೆ ಕಾಲಿಟ್ಟರೆ ಮಣ್ಣು! ಹಳೆಯ ಮಣ್ಣು ನೆಲ! ಮಹಾಗನಿಯ ಒಂದು ಹಲಗೆಯೂ ಇಲ್ಲ.

‘ನೆಲ ಎಲ್ಲೋಯ್ತ್ಲಾ?’ ಚೆಲುವವ್ವ ಕಿರುಚಿದಳು.

‘ಅಟ್ಟದ ಮ್ಯಾಲದೆ’ ಅಂದ ಮಾಯಿಗ. ಬೆವರಿನಲ್ಲಿ ತೊಯ್ದು ಹೋಗಿದ್ದ, ಮುಖ ಮಾತ್ರ ಬೆಳಗುತ್ತಿತ್ತು. ‘ಬೆಲೆ ಬಾಳೋದು ಅಟ್ಟದ ಮ್ಯಾಲೆ ಇರ್ಬೇಕು ಅಂದಿದ್ದೆ. ಮೊಳೆ ಎಲ್ಲಾ ಕಿತ್ತೆ. ಒಂದು ಹನಿ ನೀರು ತೋರ್ಸಿಲ್ಲ. ನೆರಳಲ್ಲಿ ಸಾಪಾಟಾಗಿ ಮಲಗ್ಸಿದ್ದೀನಿ. ಮ್ಯಾಲೆ ಕಲ್ಲು ಹೇರಿದ್ದೀನಿ. ಒಂದೊಂದೂ ಮೂರು ಸಲ ಬಡ್ದೆ, ಎಲ್ಲಾ ಗಟ್ಟಿ! ತುದಿ ಆಚೆಗೆ ಚಾಚ್ಕಂಡದೆ, ಅದ್ಕೆ ಕೆಂಪು ಬಟ್ಟೆ ಕಟ್ಟಿದ್ದೀನಿ ನೋಡು!’

ತಲೆ ಎತ್ತಿ ನೋಡಿದರು. ಅಟ್ಟದ ಅಂಚಿನಲ್ಲಿ ಮದುವೆಯ ಕೆಂಪು ರವಿಕೆ ಕಣ ಅಲ್ಲಾಡುತ್ತಿತ್ತು. ಇಷ್ಟು ದಿನ ಹೇಳಿದ ಬುದ್ಧಿಮಾತಿನಲ್ಲಿ ಒಂದನ್ನೂ ಅವನು ಬಿಟ್ಟಿರಲಿಲ್ಲ.

ಸಣ್ಣತಾಯಿ ಸೊಂಟಕ್ಕೆ ಕೈ ಕೊಟ್ಟಳು. ‘ಅಲ್ಲ ಬಾವ, ಇನ್ಮ್ಯಾಲೆ...’ ಅಂತ ಬಾಯಿ ತೆರೆದಳು.

ಚೆಲುವವ್ವ ಹಾರಿ ಬಂದು ಸೊಸೆಯ ಬಾಯಿ ಮುಚ್ಚಿದಳು. ‘ಬ್ಯಾಡ ಕಣವ್ವಾ! ನಿನ್ನ ಕಾಲಿಗೆ ಬೀಳ್ತೀನಿ, ಇವನಿಗೆ ಇನ್ನೇನೂ ಹೇಳ್ಬ್ಯಾಡ!’

ಸಣ್ಣತಾಯಿ ಹೇಳಲಿಲ್ಲ. ನಕ್ಕಳು, ಸೀರೆ ಎತ್ತಿ ಕಟ್ಟಿದಳು, ಏಣಿ ಹತ್ತಿ ಅಟ್ಟದ ಮಹಾಗನಿಯ ಮೇಲೆ ಕಾಲು ಚಾಚಿ ಕೂತಳು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ಮೊಗಣ್ಣನ ದನಿ.

‘ಮಗಳೇ! ಈಗಲಾದ್ರೂ ನೆಲ ತುಳಿದು ನೋಡಬೌದಾ? ಹೆಂಗದೆ ನೆಲ?’

‘ಬಾಳ ಚೆಂದಾಗದೆ ಅಪ್ಪ’ ಅಂತ ಮೇಲಿಂದ ದನಿ ಬಂತು. ‘ಏಣಿ ಹತ್ತಿ ಬಾ!’

ಮೊಗಣ್ಣ ಒಳಗೆ ಬಂದು ನೋಡಿದರೆ, ಏಣಿಯ ಬುಡದಲ್ಲಿ ಮಾಯಿಗ ಮಂಡಿಯೂರಿ ಕೂತಿದ್ದ, ಮಾವನ ಎಡಗಾಲಿಗೆ ಅಂಗೈ ಚಾಚಿಕೊಂಡು.

ಅವರು ಅಲ್ಲಿ ಅಟ್ಟದ ಮೇಲೆ ಚೆನ್ನಾಗಿದ್ದಾರೆ, ನಾವು ಇಲ್ಲಿ ಜಗಲಿಯ ಮೇಲೆ ಚೆನ್ನಾಗಿದ್ದೇವೆ. ಎದ್ದು ಹೋಗುವವರು ಯಾವ ಕಾಲಲ್ಲಾದರೂ ಹೋಗಿ.